ಐದು ಲೀಟರ್ ಅಮಾನತ್ತು

"ಆ ಮುಳ್ಳು ಮೊದ್ಲಿನಂಗ ಸುಳ್ಳು ಹೇಳಂಗ ಮಾಡಿಕೊಡ್ರಿ ಲಿಂಗಣ್ಣ. ಇವತ್ತ ಮಾಡ್ರಿ. ಅಂವ ಬರೋದ್ರಾಗ ಮಾಡ್ರಿ."

ಶ್ರೀರಾಮುಲು ಸಾವ್ಕಾರರು ಗಾಡಿಯಿಂದ ಇನ್ನೂ ಇಳಿದಿರಲಿಲ್ಲ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೇ ಹೇಳಿದರು. ನಾರಾಯಣಪೇಟೆಯಿಂದ ಮಕ್ತಲ್‌ವರೆಗೆ ಅಷ್ಟೂ ದಾರಿ ಎರಡನೇ ಗೇರಿನಲ್ಲೇ ಬಂದಿದ್ದರೆಂದು ಎಂಜಿನ್ನಿನಿಂದ ಏಳುತ್ತಿದ್ದ ವಾಸನೆಯಿಂದಲೇ ಗೊತ್ತಾಗುತ್ತಿತ್ತು. ಎಂಬತ್ತಾರನೇ ಇಸವಿಯ ಬಿಳಿ ಅಂಬಾಸಿಡರ್ ಅದು. ಅವರ ತಂದೆ ಮಗ್ಗದ ಮನೆಯಿಂದ ಸೀರೆಯ ಅಂಗಡಿಗೆ ಏರಿದ ವರ್ಷ ಕೊಂಡದ್ದು.

ನನ್ನ ಗ್ಯಾರೇಜಿನ ಎದುರಿನ ಚಹಾ ಅಂಗಡಿಯ ಜೋಗಮ್ಮ ಬಾಗಿಲಲ್ಲಿ ನಿಂತು ಕೂಗಿದಳು. "ಸಾವ್ಕಾರ್ರೆ, ನೀವ ಗಾಡಿ ಹೊಡ್ಕೊಂಡು ಬರ್ತೀರಂತ ಮೊದ್ಲ ಹೇಳೋದಲ್ರಿ? ಬೆಂಚಿ ಒಳಗ ಎಳ್ಕೊಂತಿದ್ದೆ."

ಯಾರೂ ನಗಲಿಲ್ಲ. ಆ ಗಾಡಿಯ ಡ್ರೈವರ್ ಯಾಕೆ ಬಂದಿಲ್ಲ ಎಂಬುದು ಆಮೇಲೆ ಅವಳಿಗೆ ನೆನಪಾಗಿರಬೇಕು. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಡ್ರೈವರ್ ಕುರುಮಯ್ಯ, ಉಟ್ಕೂರಿನವನು. ಮೂವತ್ತೆಂಟು ವರ್ಷ ಈ ಒಂದೇ ಗಾಡಿ ಹೊಡೆದವನು. ಹದಿನಾರು ದಿನದ ಹಿಂದೆ ಅವನ ಹೆಂಡತಿ ಎಂಕಮ್ಮ ಈ ಗಾಡಿಯ ಹಿಂದಿನ ಸೀಟಿನಲ್ಲಿ, ಮಲ್ದಕಲ್‌ಗೂ ಗದ್ವಾಲಕ್ಕೂ ನಡುವೆ, ಹತ್ತಿ ಹೊಲದ ಪಕ್ಕ ಜೀವ ಬಿಟ್ಟಿದ್ದಳು. ಗಾಡಿಯಲ್ಲಿ ಪೆಟ್ರೋಲ್ ಮುಗಿದಿತ್ತು. ಅದಕ್ಕೆ ಕಾರಣ ಯಾರು ಅಂದರೆ ಊರೆಲ್ಲ ಕುರುಮಯ್ಯನ ಕಡೆ ನೋಡುತ್ತದೆ. ಕುರುಮಯ್ಯನೂ ತನ್ನ ಕಡೆಯೇ ನೋಡಿಕೊಳ್ಳುತ್ತಾನೆ. ನಿಜವಾದ ಕಾರಣ ಗೊತ್ತಿದ್ದವರು ಇಬ್ಬರೇ. ಒಬ್ಬರು ಸ್ಟೇರಿಂಗ್ ಹಿಡಿದು ಕೂತಿದ್ದರು, ಇನ್ನೊಬ್ಬ ನಾನು.

ಇದು ತಿಳಿಯಬೇಕಾದರೆ ನಮ್ಮ ಕಡೆಯ ಮೆಕ್ಯಾನಿಕ್‌ಗಳ ಒಂದು ಪದ್ಧತಿ ಹೇಳಬೇಕು. ಪೆಟ್ರೋಲ್ ಟ್ಯಾಂಕಿನೊಳಗೆ ಒಂದು ತಂತಿಯ ತುದಿಯಲ್ಲಿ ಹಿತ್ತಾಳೆಯ ಬುರುಡೆ ತೇಲುತ್ತಿರುತ್ತದೆ. ಅದಕ್ಕೆ ಫ್ಲೋಟ್ ಅನ್ನುತ್ತೇವೆ. ಪೆಟ್ರೋಲ್ ಏರಿದರೆ ಬುರುಡೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಸ್ಟೇರಿಂಗಿನ ಹತ್ತಿರದ ಮೀಟರಿನ ಮುಳ್ಳು ಅದರ ಜೊತೆಗೇ ಆಡುತ್ತದೆ. ನನ್ನ ಉಸ್ತಾದ ಶರಣಯ್ಯ ಯಾವ ಗಾಡಿಗೆ ಫ್ಲೋಟ್ ಕೂಡ್ರಿಸಿದರೂ ಮೊದಲು ಆ ತಂತಿಯನ್ನು ಬೆರಳಲ್ಲಿ ಹಿಡಿದು ಚೂರು ಮೇಲಕ್ಕೆ ಬಗ್ಗಿಸುತ್ತಿದ್ದ. ಹಾಗೆ ಮಾಡಿದರೆ ಟ್ಯಾಂಕಿನಲ್ಲಿ ಇನ್ನೂ ಐದು ಲೀಟರ್ ಇರುವಾಗಲೇ ಮುಳ್ಳು ಸೊನ್ನೆಗೆ ಬಿದ್ದುಬಿಡುತ್ತದೆ. "ಡ್ರೈವರ್ ಅನ್ನಾಂವ ಮುಳ್ಳು ಸೊನ್ನೆಗೆ ಬಂದ ಮ್ಯಾಲೆ ಬಂಕ್ ಹುಡುಕಾವ. ಅವನ ಸಲುವಾಗಿ ಟ್ಯಾಂಕಿನ್ಯಾಗ ಒಂದೀಟು ಅಮಾನತ್ ಇಟ್ಟಿರಬೇಕು" ಅನ್ನುತ್ತಿದ್ದ. ಅಮಾನತ್ ಅಂದರೆ ನಂಬಿ ಇಟ್ಟ ಸೊತ್ತು. ರಾಯಚೂರಿನಿಂದ ಗದ್ವಾಲದ ತನಕ ಶರಣಯ್ಯನ ಕೈಯಲ್ಲಿ ಕಲಿತವರೆಲ್ಲ ಹಾಗೇ ಬಗ್ಗಿಸುತ್ತೇವೆ. ಹಳೆಯ ಡ್ರೈವರ್‌ಗಳಿಗೆಲ್ಲ ಅದು ಗೊತ್ತು. ಮುಳ್ಳು ಸೊನ್ನೆಗೆ ಬಂದರೆ ಅವರು ಬೀಡಿ ಹಚ್ಚಿಕೊಂಡು ಇನ್ನೂ ನಲವತ್ತು ಕಿಲೋಮೀಟರ್ ಹೋಗುತ್ತಾರೆ.

ಗಾಡಿಯ ಮಾಲೀಕರಿಗೆ ಮಾತ್ರ ಇದನ್ನು ಯಾರೂ ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ.

ತಿಂಗಳ ಹಿಂದೆ ಸಾವ್ಕಾರರು ಗಾಡಿ ನನ್ನಲ್ಲಿಗೆ ಕಳಿಸಿದರು. ಬುರುಡೆ ತೂತಾಗಿ ಒಳಗೆ ಪೆಟ್ರೋಲ್ ತುಂಬಿ ಮುಳುಗಿತ್ತು, ಮುಳ್ಳು ಸತ್ತು ಬಿದ್ದಿತ್ತು. ಹೈದರಾಬಾದಿನಿಂದ ಹೊಸ ಫ್ಲೋಟ್ ತರಿಸಿದೆ. ಗಾಡಿ ಬಿಟ್ಟು ಕುರುಮಯ್ಯ ಬಸ್ಸಿಗೆ ಊರಿಗೆ ಹೋದ. ಮರುದಿನ ಕೆಲಸದ ಹೊತ್ತಿಗೆ ಸಾವ್ಕಾರರೇ ಬಂದರು. ಯಾವತ್ತೂ ಬರುವವರಲ್ಲ.

ಟ್ಯಾಂಕ್ ಬರಿದು ಮಾಡಿದೆ, ಆರು ಸ್ಕ್ರೂ ಬಿಚ್ಚಿ ಹಳೆಯದನ್ನು ಎತ್ತಿದೆ, ಬಾಯಿಯ ಸುತ್ತ ಹಿಡಿದ ತುಕ್ಕು ಕೆರೆದು ಒರೆಸಿದೆ, ಹೊಸ ಕಾರ್ಕ್ ವಾಶರ್ ಇಟ್ಟೆ. ಇದು ಇಬ್ಬರ ಕೆಲಸ. ಒಬ್ಬ ಹಿಂದೆ ನಿಂತು ಫ್ಲೋಟ್ ಎತ್ತಬೇಕು, ಇನ್ನೊಬ್ಬ ಮುಂದೆ ಕೂತು ಮುಳ್ಳು ನೋಡಿ ಹೇಳಬೇಕು. ಸಾವ್ಕಾರರು ಮುಂದೆ ಕೂತರು. ನಾನು ವೈರ್ ಹಚ್ಚಿ ಬುರುಡೆಯನ್ನು ಕೈಯಲ್ಲೇ ಮೆಲ್ಲಗೆ ಎತ್ತಿದೆ.

"ಏಳಾಕತ್ತೈತ್ರಿ! ಕಾಲು... ಅರ್ಧ... ಮುಕ್ಕಾಲು... ಲಿಂಗಣ್ಣ, ಪೂರಾ ಫುಲ್!" ಚಿಕ್ಕ ಹುಡುಗನ ಹಾಗೆ ಕೂಗಿದರು.

"ಆತ್ರಿ. ಈಗ ಅಮಾನತ್ ಬಗ್ಗಿಸ್ತೀನಿ" ಅಂದೆ. ಬಾಯಿ ಜಾರಿತು.

"ಏನ್ ಬಗ್ಗಿಸ್ತೀರಿ?"

ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖದ ಹುಡುಗ ಹೊರಟುಹೋದ.

"ಅದಕ್ಕ ಹಂಗಾರ! ಫುಲ್ ಟ್ಯಾಂಕ್ ಹಾಕ್ಸಿನ್ರಿ ಅಂತಾನ, ನಾ ನೋಡಿದ್ರ ಮುಳ್ಳು ಫುಲ್ಲಿಗೆ ಏರಿರೋದ ಇಲ್ಲ. ಎಷ್ಟು ವರ್ಷದಿಂದ ನೋಡಾಕತ್ತೀನಿ. ಎಲ್ಲಿ ಇಳಿಸಿ ಮಾರ್ತಾನೋ ಅಂತ..."

"ತಂತಿ ಬಗ್ಗಿಸಿದ್ಕ ಹಂಗ್ರಿ. ಮ್ಯಾಲೂ ಅಷ್ಟ ಕಡಿಮಿ ತೋರಸ್ತೈತಿ. ಕುರುಮಣ್ಣ ಅಂಥಾವಲ್ರಿ."

"ಇರ್ಬೌದು. ಖರೆ ಮುಳ್ಳು ಇದ್ರ ನನಗೂ ಖರೆ ಗೊತ್ತಾಗ್ತೈತಿ. ಬಗ್ಗಿಸಬ್ಯಾಡ್ರಿ. ಇದ್ದಂಗ ಕೂಡ್ರಿಸ್ರಿ." ಆಮೇಲೆ ದನಿ ಇಳಿಸಿದರು. ಸಾವ್ಕಾರರಿಗೆ ನಾಚಿಕೆಯಾದಾಗ ಕನ್ನಡ ಬಿಟ್ಟುಹೋಗುತ್ತದೆ, ತೆಲುಗು ಬರುತ್ತದೆ. "ವಾಡಿಕಿ ಚೆಪ್ಪಕು" ಅಂದರು. ಅವನಿಗೆ ಹೇಳಬೇಡ.

ಗಾಡಿ ಅವರದು. ಅದು ಒಂದು ಮಾತು. ಇನ್ನೊಂದು ಮಾತು, ಸುಳ್ಳಿಲ್ಲದೆ ಹೇಳುತ್ತೇನೆ, ನನಗೂ ಆಸೆಯಾಗಿತ್ತು. ಇಷ್ಟು ವರ್ಷ ಈ ಕೈ ಕೂಡ್ರಿಸಿದ ಒಂದು ಮುಳ್ಳೂ ನಿಜ ಹೇಳಿದ್ದಿಲ್ಲ. ಒಂದಾದರೂ ಹೇಳಲಿ ನೋಡೋಣ ಅನ್ನಿಸಿತು. ಇದ್ದ ಹಾಗೆ ಕೂಡ್ರಿಸಿ ಆರು ಸ್ಕ್ರೂ ಬಿಗಿದೆ. ಲೀಟರ್ ಲೀಟರ್ ಹಾಕುತ್ತ ಹೋದರೆ ಮುಳ್ಳು ಅಷ್ಟಷ್ಟೇ ಏರಿತು. ಖುಷಿಯಾಯಿತು ನನಗೆ.

ಎರಡು ದಿನ ಬಿಟ್ಟು ಕುರುಮಯ್ಯ ಫೋನ್ ಮಾಡಿದ. "ಲಿಂಗಾ, ಏನ್ ಫ್ಲೋಟ್ ಹಾಕೀಯೋ! ಫುಲ್ ಹಾಕ್ಸಿದ್ರ ಮುಳ್ಳು ಹೋಗಿ ತುದಿಗೇ ಕುಂದ್ರತೈತಿ. ಹೊಸದು ಹೊಸದಾ ನೋಡು."

ಆಗ ಹೇಳಬಹುದಿತ್ತು. ಒಂದೇ ಒಂದು ಮಾತು: ಅಣ್ಣಾ, ಇದರಲ್ಲಿ ಅಮಾನತ್ ಇಲ್ಲ. ನಾನು ಅಂದದ್ದು, "ಹೈದರಾಬಾದ್ ಮಾಲು ಅಣ್ಣಾ."

ಅದಾಗಿ ಹತ್ತು ದಿನಕ್ಕೆ ಅವನು ಗದ್ವಾಲಕ್ಕೆ ಸೀರೆ ಇಳಿಸಲು ಹೋದ. ಹಾಗೇ ಮಲ್ದಕಲ್‌ಗೆ ಹೋದ, ಮಗಳು ಝಾನ್ಸಿಯ ಮನೆಗೆ. ಎಂಕಮ್ಮ ಬಾಣಂತಿ ಮಗಳ ಹತ್ತಿರ ಇದ್ದಳು, ಕರೆತರಬೇಕಿತ್ತು. ಅವನು ಉಂಡು ಕೈ ತೊಳೆಯುವಷ್ಟರಲ್ಲಿ ಎಂಕಮ್ಮನಿಗೆ ಎದೆ ನೋವು ಶುರುವಾಯಿತು. ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆ ತೊಡೆಯ ಮೇಲಿಟ್ಟುಕೊಂಡು ಝಾನ್ಸಿ ಕೂತಳು. ಊರ ಹೊರಗಿನ ಬಂಕಿನ ಮುಂದೆ ಬಂದಾಗ ಅವಳೇ ಅಂದಳಂತೆ, "ಅಪ್ಪಾ, ಮುಳ್ಳು ಕೆಳಗ ಬಿದ್ದೈತಿ, ಹಾಕಿಸ್ಕೊಂಡು ಹೋಗು." ಬಂಕಿನಲ್ಲಿ ಎರಡು ಟ್ರಾಕ್ಟರ್ ನಿಂತಿದ್ದವು. ಕುರುಮಯ್ಯ ಅಂದನಂತೆ, "ಅಮಾನತ್ ಐತವ್ವ. ಗದ್ವಾಲ ಮುಟ್ಟಿ ಮತ್ತ ತಿರುಗಿ ಬರೋವಷ್ಟು ಐತಿ."

ಗದ್ವಾಲ ಇನ್ನೂ ಆರು ಕಿಲೋಮೀಟರ್ ಇರುವಾಗ ಗಾಡಿ ನಿಂತಿತು. ಆಂಬುಲೆನ್ಸಿಗೆ ಫೋನ್ ಮಾಡಿದರು. ಅದು ಬರುವುದರೊಳಗೆ ಒಂದು ಆಟೋ ಬಂತು. ಆಟೋ ಬರುವುದರೊಳಗೆ ಎಂಕಮ್ಮ ಹೋಗಿದ್ದಳು.

ಇಷ್ಟು ಆಗಿ ಹದಿನಾರು ದಿನಕ್ಕೆ ಸಾವ್ಕಾರರು ನನ್ನ ಅಂಗಡಿಯ ಮುಂದೆ ಗಾಡಿಯಲ್ಲಿ ಕೂತು ಮುಳ್ಳನ್ನು ಮೊದಲಿನ ಹಾಗೆ ಮಾಡು ಅನ್ನುತ್ತಿದ್ದರು.

"ಮಧ್ಯಾಹ್ನ ಇಲ್ಲಿಗೆ ಬರ್ತಾನಂತ್ರಿ. ಇನ್ನ ಗಾಡಿ ಮುಟ್ಟಂಗಿಲ್ಲ, ತನ್ನ ಕಡಿ ಇರೋ ಕೀಲಿ ಕೊಟ್ಟು ಹೋಗ್ತೀನಿ ಅಂದಾನ. ಮನಿಗೆ ಬಾ ಅಂದ್ರ ನಿಮ್ಮ ಮನಿ ಮೆಟ್ಟಲಾ ಹತ್ತಾಕ ಮುಖ ಇಲ್ರಿ ಅಂತಾನ." ಸಾವ್ಕಾರರು ಕೆಳಗಿಳಿದು ಡಿಕ್ಕಿಯ ಮೇಲೆ ಕೈಯಿಟ್ಟರು. "ಹನ್ನೆರಡು ದಿನ ನಾ ಆ ಮುಳ್ಳು ನೋಡಿದೆ ಲಿಂಗಣ್ಣ. ಒಂದ್ ಹನಿ ಆ ಕಡಿ ಈ ಕಡಿ ಆಗಿದ್ದಿಲ್ಲ."

"ಅದನ್ನ ಅವ್ನ ಮುಂದ ಹೇಳ್ರಿ."

"ಹೆಂಗ್ ಹೇಳ್ಲಿ? ನಿನ್ನ ಕಳ್ಳ ಅನ್ಕೊಂಡಿದ್ದೆ, ಅದಕ್ಕ ಹಿಂಗಾತು ಅಂತ ಹೇಳ್ಲೇನು? ಮೊದ್ಲಿನಂಗ ಮಾಡ್ರಿ. ಗಾಡಿ ಮೊದ್ಲಿನಂಗ ಇದ್ರ ಮತ್ತ ಸ್ಟೇರಿಂಗ್ ಹಿಡಿತಾನೇನೋ. ಮನಿಯಾಗ ಸುಮ್ನ ಕುಂತ್ರ ಅಂವ ಉಳಿಯಂಗಿಲ್ರಿ."

ಕೊನೆಯ ಮಾತು ನನ್ನನ್ನು ಸೋಲಿಸಿತು. ಮೊದಲು ಗಾಡಿ ಸರಿಯಾಗಲಿ, ಅವನು ಬರಲಿ, ಆಮೇಲೆ ನಾನೇ ಬಾಯಿ ಬಿಟ್ಟು ಹೇಳುತ್ತೇನೆ ಅಂದುಕೊಂಡೆ. ಕೆಲಸ ಮೊದಲು, ಮಾತು ಆಮೇಲೆ. ನಾನು ಯಾವತ್ತೂ ಹಾಗೆಯೇ. ಸ್ಪ್ಯಾನರ್ ಕೈಗೆ ಬಂದರೆ ಬೇರೆ ಏನೂ ಹೊಳೆಯುವುದಿಲ್ಲ.

ಟ್ಯಾಂಕ್ ಬರಿದು ಮಾಡಿದೆ. ಸ್ಕ್ರೂ ಬಿಚ್ಚಿ ಫ್ಲೋಟ್ ಹೊರಗೆ ತೆಗೆದೆ. ತಂತಿ ಎಷ್ಟು ನೆಟ್ಟಗಿತ್ತು ಅಂದರೆ ಅದನ್ನು ನೋಡುವುದೇ ಆಗಲಿಲ್ಲ. ಹೆಬ್ಬೆರಳು ಒತ್ತಿ ಶರಣಯ್ಯ ಬಗ್ಗಿಸುತ್ತಿದ್ದಷ್ಟೇ ಬಗ್ಗಿಸಿದೆ, ಮತ್ತೆ ಕೂಡ್ರಿಸಿ ಬಿಗಿದೆ, ವೈರ್ ಹಚ್ಚಿದೆ. ಡಬ್ಬಿಯಿಂದ ಒಂದೊಂದೇ ಲೀಟರ್ ಹಾಕಿದೆ. ಐದು ಹಾಕಿದರೂ ಮುಳ್ಳು ಮಿಸುಕಲಿಲ್ಲ. ಸರಿಯಾಗಿತ್ತು. ಉಳಿದದ್ದನ್ನು ಸುರಿಯಬೇಕು ಅನ್ನುವಷ್ಟರಲ್ಲಿ ಉಟ್ಕೂರ್ ಆಟೋ ಬಂದು ನಿಂತಿತು.

ಕುರುಮಯ್ಯ ಇಳಿದ. ಒಗೆದ ಬಿಳಿ ಅಂಗಿ ಹಾಕಿದ್ದ, ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದ. ಎಂಕಮ್ಮ ಇದ್ದಿದ್ದರೆ ಹಾಗೆ ಹೊರಡಲು ಬಿಡುತ್ತಿರಲಿಲ್ಲ. ಸಾವ್ಕಾರರಿಗೆ ಕೈಮುಗಿದು ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟ. ಅವರ ಕೈಗೆ ಕೊಡಲಿಲ್ಲ.

ಜೋಗಮ್ಮ ಕರೆಯದೆಯೇ ಚಹಾ ತಂದು ಅವನ ಕೈಗೆ ಹಿಡಿಸಿದಳು. "ಕುಡಿ ಅಣ್ಣಾ. ಬಡವಾಗೀದಿ."

"ಒಲ್ಲೆನವ್ವ."

"ಕುಡಿ ಅಂದ್ರ ಕುಡಿಬೇಕು. ನನ್ನ ಚಹಾ ಒಲ್ಲೆ ಅಂದಾವ್ರ ಯಾರೂ ಇಲ್ಲ ಈ ರೋಡಿನ್ಯಾಗ."

ಒಂದು ಗುಟುಕು ಕುಡಿದು ಲೋಟ ಹಿಡಿದುಕೊಂಡೇ ನಿಂತ. ಗಾಡಿಯ ಕಡೆಗೆ ನೋಡದೆ ಹೇಳಿದ. "ಸಾವ್ಕಾರ್ರೆ, ನನ್ನ ತಲಿ ಕೆಟ್ಟೈತ್ರಿ. ವಯಸ್ಸಾತು. ಅವತ್ತ ಗದ್ವಾಲಕ್ಕ ಹೋಗೋವಾಗಾ ಮುಳ್ಳು ಸೊನ್ನಿಗೆ ಬಿದ್ದಿತ್ತೇನೋ, ಆ ದಾರ್ಯಾಗಾ ಅಮಾನತ್ ಸುಟ್ಟಿದ್ದೆ ಕಾಣ್ತೈತಿ. ನೆನಪಾ ಇಲ್ಲ. ಎಷ್ಟ್ ನೆನಪ ಮಾಡ್ಕೊಂಡ್ರೂ ಬರವಲ್ದು. ಮೂವತ್ತೆಂಟು ವರ್ಷದಾಗ ಒಂದ್ ಸಲ ಗಾಡಿ ರಸ್ತೆಕ ನಿಲ್ಲಿಸಿದಾವಲ್ಲ ನಾ. ನಿಲ್ಲಿಸಿದ್ದು ಒಂದಾ ಸಲ."

"ಕುರುಮಣ್ಣ" ಅಂದೆ, "ನೀ ಸುಟ್ಟಿದ್ದಿಲ್ಲ. ಅಮಾನತ್ ಇದ್ದಿದ್ದಾ ಇಲ್ಲ."

ತಲೆಯೆತ್ತಿ ನೋಡಿದ.

"ಹೊಸ ಫ್ಲೋಟ್ ನಾ ಬಗ್ಗಿಸಿದ್ದಿಲ್ಲ. ಇದ್ದಂಗ ಕೂಡ್ರಿಸಿದ್ದೆ. ಮುಳ್ಳು ಸೊನ್ನಿ ಅಂದ್ರ ಅವತ್ತ ಖರೇನ ಸೊನ್ನಿ. ನಿನಗ ಹೇಳಿದ್ದಿಲ್ಲ. ತಪ್ಪು ನಂದು ಅಣ್ಣಾ. ನಿಂದಲ್ಲ."

ಬೈಯುತ್ತಾನೆ, ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿ ಅಂತ ಕಾದೆ. ಅವನ ಕಣ್ಣಲ್ಲಿ ಏನೋ ಒಂದು ಚೂರು ಮಿಂಚಿದ್ದನ್ನು ನಾನು ನೋಡಿದೆ. ನೀರಲ್ಲಿ ಮುಳುಗುವವನು ಹಗ್ಗ ಕಂಡಾಗ ಹೀಗೆ ನೋಡುತ್ತಾನೇನೋ. ಆಮೇಲೆ ಅವನು ಲೋಟ ಕೆಳಗಿಟ್ಟು, ಕಿಟಕಿಯಿಂದ ಕೈ ಹಾಕಿ, ಗಾಡಿಯಲ್ಲೇ ಇದ್ದ ಸಾವ್ಕಾರರ ಕೀಲಿ ತಿರುಗಿಸಿ ಮುಳ್ಳು ನೋಡಿದ. ಸೊನ್ನೆ.

"ಹದಿನಾಲ್ಕರ ಪಾನಾ ಕೊಡು" ಅಂದ.

ಅವನು ಏನು ಮಾಡಲು ಹೊರಟಿದ್ದಾನೆ ಅಂತ ಆಗ ಹೊಳೆಯಿತು. "ಅಣ್ಣಾ ತಡಿ, ಈಗ ಬೆಳಿಗ್ಗೆ..." ಅನ್ನುವಷ್ಟರಲ್ಲಿ ಅವನೇ ಪೆಟ್ಟಿಗೆಯಿಂದ ಪಾನಾ ತೆಗೆದುಕೊಂಡ. ಬಿಳಿ ಅಂಗಿಯಲ್ಲೇ ಗಾಡಿಯ ಕೆಳಗೆ ಅಂಗಾತ ಮಲಗಿ, ಟ್ಯಾಂಕಿನ ತಳದ ನಟ್ಟು ಬಿಚ್ಚಿ, ಐದು ಲೀಟರಿನ ಆಯಿಲ್ ಡಬ್ಬಿ ಹಿಡಿದ. ಪೆಟ್ರೋಲ್ ಸುರಿಯತೊಡಗಿತು. ನಾವು ಮೂವರೂ ಆ ಸದ್ದು ಕೇಳುತ್ತ ನಿಂತೆವು. ಡಬ್ಬಿಯ ಕಂಠದವರೆಗೆ ಬಂದು ಹನಿಗಟ್ಟಿ ನಿಂತಿತು. ನಟ್ಟು ಬಿಗಿದು ಹೊರಗೆ ಬಂದು, ಡಬ್ಬಿಯನ್ನು ನನ್ನ ಕಾಲ ಹತ್ತಿರ ಇಟ್ಟ.

"ನೋಡು. ಐತಲ್ಲ."

"ಈಗ ಬಗ್ಗಿಸೀನಿ ಅಣ್ಣಾ! ಇವತ್ತ ಬೆಳಿಗ್ಗೆ! ನೀ ಬರೋಕಿಂತ ಮೊದ್ಲ!"

"ಹೌದಪ್ಪ." ಮಗುವಿಗೆ ಹೇಳುವ ಹಾಗೆ ಹೇಳಿದ. "ಲಿಂಗಾ, ಶರಣಯ್ಯನ ಕೈಯಾಗ ಬೆಳೆದಾವ ನೀ. ಬಗ್ಗಿಸಲಾರದ ಫ್ಲೋಟ್ ಕೂಡ್ರಿಸಾಕ ನಿನ್ನ ಕೈ ಒಪ್ಪತೈತೇನು? ನನ್ನ ನೋಡಾಕ ಆಗವಲ್ದು ನಿನಗ. ಅದಕ್ಕ ನಿನ್ನ ಮೈಮ್ಯಾಲ ಹಾಕ್ಕೊಳ್ಳಾಕತ್ತಿ. ಬ್ಯಾಡಪ್ಪ. ನೀ ದುಡ್ಕೊಂಡು ತಿನ್ನಾವ. ಇಂಥ ಮಾತು ಊರಾಗ ಹೋದ್ರ ನಿನ್ನ ಅಂಗಡಿಗೆ ಯಾರ್ ಬರ್ತಾರ?"

"ಸಾವ್ಕಾರ್ರೂ ಇದ್ರು ಅವತ್ತ! ಅವ್ರನ್ನ ಕೇಳು. ಮುಳ್ಳು ನೋಡಿದ್ದಾ ಅವ್ರು. ಬಗ್ಗಿಸಬ್ಯಾಡ ಅಂದಾವ್ರೂ ಅವ್ರಾ."

ಕುರುಮಯ್ಯ ಮೆಲ್ಲಗೆ ಅವರ ಕಡೆ ತಿರುಗಿದ. ಬೆನ್ನಿಗೆ ಅಂಟಿದ ಎಣ್ಣೆಯ ಕಲೆ ಇತ್ತ ಬಂತು. "ಹೌದೇನ್ರಿ ಸಾವ್ಕಾರ್ರೆ?"

ಅವನು ಅದನ್ನು ಬೇಡುವ ಹಾಗೆ ಕೇಳಿದ. ಹೌದು ಅಂದಿದ್ದರೆ ಸಾಕಿತ್ತು. ಒಂದೇ ಮಾತು. ಯಾಕೆ ಬಗ್ಗಿಸಬೇಡ ಅಂದಿರಿ ಅಂತ ಕುರುಮಯ್ಯ ಕೇಳುತ್ತಿದ್ದನೋ ಇಲ್ಲವೋ. ಕೇಳಿದರೂ ಏನಾದರೂ ಹೇಳಿ ಸರಿಸಬಹುದಿತ್ತು. ಸಾವ್ಕಾರರ ಬಾಯಿ ತೆರೆಯಿತು. ಬಾನೆಟ್ಟಿನ ಮೇಲಿನ ಕೀಲಿ ತೆಗೆದುಕೊಂಡು ಜುಬ್ಬದ ಜೇಬಿಗೆ ಹಾಕಿಕೊಂಡರು. ಆಮೇಲೆ ಅವರ ಕನ್ನಡ ಬಿಟ್ಟುಹೋಯಿತು.

"ಪೋನೀಲೇ ಕುರುಮಯ್ಯ" ಅಂದರು. ಹೋಗಲಿ ಬಿಡು. "ಮನವಾಡೇ ಕದಾ ಲಿಂಗಣ್ಣ." ಲಿಂಗಣ್ಣ ನಮ್ಮವನೇ ಅಲ್ಲವಾ.

ಕುರುಮಯ್ಯ ತಲೆಯಾಡಿಸಿದ. ಅವನ ಕಣ್ಣಲ್ಲಿ ಮಿಂಚಿದ್ದ ಆ ಚೂರು ಈಗ ಇರಲಿಲ್ಲ. ಅದನ್ನು ತೋರಿಸಿ ಕಸಿದುಕೊಂಡವನು ನಾನೇ. ಬೆಳಿಗ್ಗೆ ಆ ತಂತಿಯನ್ನು ಹಾಗೇ ಬಿಟ್ಟಿದ್ದರೆ ಟ್ಯಾಂಕೇ ನನ್ನ ಪರವಾಗಿ ಮಾತಾಡುತ್ತಿತ್ತು. ಮುಳ್ಳು ಸೊನ್ನೆ, ಡಬ್ಬಿಯೂ ಖಾಲಿ. ಅವನೇ ನೋಡುತ್ತಿದ್ದ.

"ಝಾನ್ಸಿಗೆ ನಾ ಹೇಳ್ತೀನಿ ಅಣ್ಣಾ" ಅಂದೆ. "ಇವತ್ತ ಹೊಂಟು ಮಲ್ದಕಲ್‌ಗೆ ಬರ್ತೀನಿ. ಆಕಿ ಮುಂದ ಕುಂತು ಎಲ್ಲಾ ಹೇಳ್ತೀನಿ. ಆಕಿಯಾದ್ರೂ ನಂಬತಾಳ."

"ಬ್ಯಾಡ." ಮೊದಲ ಸಲ ಅವನ ದನಿ ಗಟ್ಟಿಯಾಯಿತು. "ಆಕಿ ನನ್ನ ಜೋಡಿ ಮಾತು ಬಿಟ್ಟಾಳ. ಕೂಸಿನ್ನ ನನ್ನ ಕೈಯಾಗ ಕೊಡವಲ್ಲಳು. ಕೊಡಲಿಲ್ಲಂದ್ರ ಬಿಡ್ಲಿ, ಆಕಿ ಅವ್ವ ಆಕಿ ತೊಡಿ ಮ್ಯಾಲ ಹೋಗ್ಯಾಳ. ಈಗ ನೀ ಹೋಗಿ ಹೇಳಿದ್ರ ಏನಂತಾಳ? ಅಪ್ಪ ತನ್ನ ತಪ್ಪ ಮುಚ್ಚಾಕ ಮೇಸ್ತ್ರಿನ್ನ ಕರ್ಕೊಂಡು ಬಂದಾನ ಅಂತಾಳ. ಈಗ ತಪ್ಪ ಮಾಡಿದಾವ ಅಂತಾಳ. ಅಷ್ಟರ ಇರ್ಲಿ. ಸುಳ್ಳುಗಾರ ಅನ್ನಿಸ್ಕೊಳ್ಳೋದು ಬ್ಯಾಡ."

"ಅಣ್ಣಾ..."

"ಗಾಡಿ ಚಲೋ ನೋಡ್ಕೋ. ಎಡಗಡಿ ಹಿಂದಿನ ಬಾಗಿಲ ಒಂದೀಟು ಎತ್ತಿ ಹಾಕ್ಬೇಕು ಅದ್ಕ. ಇಲ್ಲಂದ್ರ ಕೂಡಂಗಿಲ್ಲ." ಜೋಗಮ್ಮನ ಕಡೆ ತಿರುಗಿದ. "ಚಹಾ ಚಲೋ ಇತ್ತವ್ವ."

ಲೋಟದಲ್ಲಿ ಒಂದು ಗುಟುಕು ಕಡಿಮೆ, ಅಷ್ಟೇ. ಕೆನೆ ಕಟ್ಟಿತ್ತು. ಉಟ್ಕೂರ್ ಆಟೋದವನು ಇನ್ನೂ ಜನ ಕರೆಯುತ್ತಿದ್ದ. ಕುರುಮಯ್ಯ ಹೋಗಿ ಹಿಂದಿನ ಸೀಟಿನ ಮೂಲೆಯಲ್ಲಿ ಕೂತ. ಡ್ರೈವರ್ ಅವನ ಗುರುತಿನವನು. ಪಕ್ಕದ ಜಾಗ ತಟ್ಟಿ ಮುಂದೆ ಬಾ ಅಂದ. ಕುರುಮಯ್ಯ ಬೇಡ ಅಂತ ಕೈಯಾಡಿಸಿದ. ಆಟೋ ಹೋಯಿತು.

ಸಾವ್ಕಾರರು ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಅವರು ಗಾಡಿಯೇರಿ ಬಾಗಿಲು ಎಳೆದುಕೊಂಡು ಸ್ಟಾರ್ಟ್ ಮಾಡಿದರು. ಕಾರ್ಬ್ಯುರೇಟರಿನಲ್ಲಿ ಉಳಿದ ಅಷ್ಟಿಷ್ಟು ಪೆಟ್ರೋಲಿಗೆ ಎಂಜಿನ್ ಹತ್ತಿಕೊಂಡಿತು. ಗಾಡಿ ಕುಪ್ಪಳಿಸಿ ರಸ್ತೆಗಿಳಿಯಿತು, ನಾರಾಯಣಪೇಟೆಯ ಕಡೆ ಮುಖ ಮಾಡಿತು, ಕಟ್ಟಿಗೆ ಕೊಯ್ಯುವ ಸಾಮಿಲ್ಲಿನ ಮುಂದಿನವರೆಗೆ ಹೋಗಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಆಮೇಲೆ ಹಾರ್ನ್ ಕೇಳಿಸಿತು. ಮತ್ತೊಮ್ಮೆ ಕೇಳಿಸಿತು.

ತುಂಬಿದ ಡಬ್ಬಿ ನನ್ನ ಕಾಲ ಹತ್ತಿರವೇ ಇತ್ತು. ಬಗ್ಗಿ ಅದರ ಮುಚ್ಚಳ ಬಿಗಿ ಮಾಡಿದೆ, ಒಳಗೆ ಒಯ್ದು ನೆರಳಲ್ಲಿ ಇಟ್ಟೆ.